ರಾತ್ರಿ ಮಾತ್ರ ಸುಮ್ಮನಿರುತ್ತಿದ್ದ ಅಯಸ್ಕಾಂತ: ಲೆಪ್ ವೇಗವರ್ಧಕದ ಒಂದು ಪ್ರಕರಣ

1995ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದವರು ತಮ್ಮ ಸುರಂಗದ ಎರಡು ಅಯಸ್ಕಾಂತಗಳೊಳಗೆ ಹೊಸ ಅಳತೆ ಸಾಧನ ಕೂರಿಸಿದರು. ಆ ಅಯಸ್ಕಾಂತಗಳಿಗೆ ಹೋಗುತ್ತಿದ್ದ ಕರೆಂಟ್ ಸ್ಥಿರವಾಗಿತ್ತು. ಹಾಗಾಗಿ ಕಾಂತಕ್ಷೇತ್ರವೂ ಸ್ಥಿರವಾಗಿರಬೇಕಿತ್ತು. ಸಾಧನ ತೋರಿಸಿದ್ದೇ ಬೇರೆ. ಹಗಲೆಲ್ಲ ಕಾಂತಕ್ಷೇತ್ರ ನಡುಗುತ್ತಿತ್ತು. ನಡುಗುತ್ತಲೇ ಚೂರು ಚೂರೇ ಮೇಲಕ್ಕೇರುತ್ತಿತ್ತು. ನಡುರಾತ್ರಿ ದಾಟಿದ ಮೇಲೆ ನಡುಕ ನಿಲ್ಲುತ್ತಿತ್ತು. ಬೆಳಗಿನ ಜಾವ ಐದರ ಸುಮಾರಿಗೆ ಮತ್ತೆ ಶುರು.

ಯಂತ್ರಕ್ಕೆ ಹಗಲು ರಾತ್ರಿ ಅಂತ ಏನಿರುತ್ತೆ? ನೆಲದಡಿ ಸರಾಸರಿ ನೂರು ಮೀಟರ್ ಆಳದಲ್ಲಿರುವ ಸುರಂಗಕ್ಕೆ ಬಿಸಿಲೂ ತಾಗದು, ಗಾಳಿಯೂ ತಾಗದು. ಆದರೂ ಈ ಗಡಿಯಾರದ ಲೆಕ್ಕ ಎಲ್ಲಿಂದ ಬಂತು ಅನ್ನುವುದೇ ಈ ಪ್ರಕರಣ. ಇದು ಅರ್ಥವಾಗಬೇಕಾದರೆ ಕೆಲವು ವರ್ಷ ಹಿಂದಕ್ಕೆ ಹೋಗಬೇಕು. ಯಾಕೆಂದರೆ ಇದೇ ಯಂತ್ರ ಅಷ್ಟರಲ್ಲಾಗಲೇ ಚಂದ್ರನ ಎಳೆತಕ್ಕೂ ನೆಲದೊಳಗಿನ ನೀರಿಗೂ ಸ್ಪಂದಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು.

ಯಂತ್ರ ಮತ್ತು ಅದರ ಕೆಲಸ

ಈ ಯಂತ್ರದ ಹೆಸರು ಲೆಪ್. ಎಲೆಕ್ಟ್ರಾನ್‌ಗಳನ್ನೂ ಅವುಗಳ ಪ್ರತಿಕಣಗಳಾದ ಪಾಸಿಟ್ರಾನ್‌ಗಳನ್ನೂ ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವ ವೇಗವರ್ಧಕ. ಸುತ್ತಳತೆ 26.7 ಕಿಲೋಮೀಟರ್. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯನ್ನು ದಾಟಿ ಮತ್ತೆ ದಾಟಿ ಬರುವ ಉಂಗುರ ಅದು. 1989ರ ಆಗಸ್ಟ್‌ನಲ್ಲಿ ಮೊದಲ ಡಿಕ್ಕಿ ನಡೆಯಿತು. 2000ದ ನವೆಂಬರ್‌ನಲ್ಲಿ ಯಂತ್ರ ನಿಂತಿತು. ಅದೇ ಸುರಂಗದಲ್ಲಿ ಇವತ್ತು ಎಲ್‌ಎಚ್‌ಸಿ ಎಂಬ ಇನ್ನೊಂದು ವೇಗವರ್ಧಕ ಇದೆ.

ಮೊದಲ ಆರೇಳು ವರ್ಷ ಲೆಪ್‌ಗೆ ಇದ್ದ ದೊಡ್ಡ ಕೆಲಸ ಒಂದೇ. ಝಡ್ ಬೋಸಾನ್ ಎಂಬ ಕಣವನ್ನು ರಾಶಿ ರಾಶಿಯಾಗಿ ಹುಟ್ಟಿಸಿ ಅದನ್ನು ಅಳೆಯುವುದು. ಕಣಗಳ ನಡುವಿನ ದುರ್ಬಲ ಬಲವನ್ನು ಸಾಗಿಸುವ ಕಣ ಇದು. 1983ರಲ್ಲಿ ಸರ್ನ್‌ನಲ್ಲೇ ಸಿಕ್ಕಿತ್ತು. ಲೆಪ್‌ನ ನಾಲ್ಕು ಪ್ರಯೋಗಗಳಾದ ಅಲೆಫ್, ಡೆಲ್ಫಿ, ಎಲ್3 ಮತ್ತು ಓಪಲ್ ಸೇರಿ ಸುಮಾರು 1 ಕೋಟಿ 70 ಲಕ್ಷ ಝಡ್‌ಗಳನ್ನು ದಾಖಲಿಸಿದವು.

ಝಡ್‌ನ ದ್ರವ್ಯರಾಶಿ ಅಳೆಯುವ ಬಗೆ ಕೇಳಲು ಸುಲಭ. ಡಿಕ್ಕಿಯ ಒಟ್ಟು ಶಕ್ತಿಯನ್ನು ಬದಲಾಯಿಸುತ್ತಾ ಹೋಗಬೇಕು. 89, 91, 93 ಗಿಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ ಜಿಇವಿ, ಸುತ್ತಮುತ್ತ. ಪ್ರತಿ ಕಡೆ ಎಷ್ಟು ಝಡ್ ಹುಟ್ಟುತ್ತವೆ ಅಂತ ಎಣಿಸಬೇಕು. ಎಣಿಕೆಯ ಗೆರೆ ಬೆಟ್ಟದ ಹಾಗೆ ಏರಿ ಇಳಿಯುತ್ತದೆ. ತುದಿ ಎಲ್ಲಿದೆಯೋ ಅದು ದ್ರವ್ಯರಾಶಿ. ಬೆಟ್ಟ ಎಷ್ಟು ಅಗಲ ಅನ್ನುವುದರಿಂದ ಝಡ್ ಎಷ್ಟು ಬಗೆಯಲ್ಲಿ ಒಡೆಯುತ್ತದೆ ಅಂತ ಗೊತ್ತಾಗುತ್ತದೆ. ನ್ಯೂಟ್ರಿನೋ ಎಂಬ ಕಣಗಳಲ್ಲಿ ಹಗುರವಾದವು ಮೂರೇ ಬಗೆ, ನಾಲ್ಕನೆಯದು ಇಲ್ಲ ಎಂದು ಖಚಿತವಾಗಿದ್ದು ಈ ಬೆಟ್ಟದ ಆಕಾರದಿಂದಲೇ.

ಎಣಿಕೆ ಕಷ್ಟವಲ್ಲ. ಕಷ್ಟವೆಲ್ಲ ಇರುವುದು ಅಡ್ಡಗೆರೆಯಲ್ಲಿ. "ಇವತ್ತಿನ ಡಿಕ್ಕಿಯ ಶಕ್ತಿ ಇಷ್ಟು" ಅಂತ ಹೇಳುವಾಗ ಆ "ಇಷ್ಟು" ಎಷ್ಟು ನಿಜ? ಅಲ್ಲಿ ತಪ್ಪಿದರೆ ಕೋಟಿ ಝಡ್ ಎಣಿಸಿಯೂ ಪ್ರಯೋಜನವಿಲ್ಲ. ಇಡೀ ಬೆಟ್ಟ ಅತ್ತಲೋ ಇತ್ತಲೋ ಸರಿದು ಕೂರುತ್ತದೆ, ಅಷ್ಟೆ.

ಶಕ್ತಿಯನ್ನು ಅಳೆಯುವ ದಾರಿ

ವೃತ್ತಾಕಾರದ ವೇಗವರ್ಧಕದಲ್ಲಿ ಕಣದ ಶಕ್ತಿಯನ್ನು ತೀರ್ಮಾನಿಸುವುದು ಅದನ್ನು ಬಗ್ಗಿಸುವ ಅಯಸ್ಕಾಂತಗಳು. ಒಂದು ಸುತ್ತಿನಲ್ಲಿ ಕಣಕ್ಕೆ ಸಿಗುವ ಒಟ್ಟು ಕಾಂತಕ್ಷೇತ್ರ ಗೊತ್ತಿದ್ದರೆ ಶಕ್ತಿಯೂ ಗೊತ್ತು. ಆದರೆ ಲೆಪ್‌ನಲ್ಲಿ ಇಂಥ ಅಯಸ್ಕಾಂತಗಳು ಮೂರು ಸಾವಿರಕ್ಕೂ ಜಾಸ್ತಿ. ಪ್ರತಿಯೊಂದರ ಒಳಗೂ ಸಾಧನ ಇಡಲು ಆಗುವುದಿಲ್ಲ. ಅದಕ್ಕೆ ನೆಲದ ಮೇಲಿನ ಕಟ್ಟಡದಲ್ಲಿ ಒಂದು ಮಾದರಿ ಅಯಸ್ಕಾಂತ ಇಟ್ಟು, ಸುರಂಗದವಕ್ಕೆ ಹೋಗುವ ಕರೆಂಟನ್ನೇ ಅದಕ್ಕೂ ಕೊಟ್ಟು, ಅದರ ಕ್ಷೇತ್ರ ನೋಡುತ್ತಿದ್ದರು. ಮೇಲಿನದು ಹೇಗೋ ಕೆಳಗಿನವೂ ಹಾಗೇ ಅನ್ನುವ ಲೆಕ್ಕ. ಈ ಲೆಕ್ಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದಕ್ಕಿಂತ ಎಷ್ಟೋ ಪಾಲು ನಿಖರವಾದ ಇನ್ನೊಂದು ದಾರಿ ಇತ್ತು. ನನ್ನ ಮಟ್ಟಿಗೆ ಇಡೀ ಲೆಪ್ ಕಥೆಯಲ್ಲಿ ಅತ್ಯಂತ ಸೊಗಸಾದ ಭಾಗ ಇದೇ. ಉಂಗುರದಲ್ಲಿ ಗಂಟೆಗಟ್ಟಲೆ ಸುತ್ತುವ ಎಲೆಕ್ಟ್ರಾನ್‌ಗಳು ಬೆಳಕನ್ನು ಹೊರಸೂಸುತ್ತಾ, ತಾವಾಗಿಯೇ ತಮ್ಮ ಸ್ಪಿನ್ ಅನ್ನು, ಅಂದರೆ ಪ್ರತಿ ಎಲೆಕ್ಟ್ರಾನನ್ನೂ ಪುಟ್ಟ ಅಯಸ್ಕಾಂತದ ಹಾಗೆ ಮಾಡುವ ಗುಣವನ್ನು, ಒಂದೇ ದಿಕ್ಕಿಗೆ ತಿರುಗಿಸಿಕೊಳ್ಳುತ್ತವೆ. ಎಲ್ಲವೂ ಅಲ್ಲ, ನೂರರಲ್ಲಿ ಹತ್ತರಷ್ಟು ಹೊಂದಿಕೊಂಡರೂ ಸಾಕು. ಆ ಸ್ಪಿನ್ ಕಾಂತಕ್ಷೇತ್ರದ ಸುತ್ತ ತಿರುಗುತ್ತದೆ. ಉಂಗುರದ ಒಂದು ಸುತ್ತಿಗೆ ಅದು ಎಷ್ಟು ಸಲ ತಿರುಗುತ್ತದೆ ಅನ್ನುವುದು ಎಲೆಕ್ಟ್ರಾನ್‌ನ ಶಕ್ತಿಯ ಮೇಲೆ ನಿಂತಿದೆ. ಲೆಪ್‌ನಲ್ಲಿ ಪ್ರತಿ ಕಣದ ಶಕ್ತಿ 45.6 ಜಿಇವಿ, ಅಂದರೆ ಡಿಕ್ಕಿಯ ಒಟ್ಟು ಶಕ್ತಿಯ ಅರ್ಧ, ಇದ್ದಾಗ ಅದು ಸುಮಾರು ನೂರಾ ಮೂರೂವರೆ ಸಲ. ಲೆಕ್ಕಕ್ಕೆ ಬೇಕಾದ ಉಳಿದ ಎರಡು ಸಂಖ್ಯೆಗಳು ಎಲೆಕ್ಟ್ರಾನ್‌ನ ದ್ರವ್ಯರಾಶಿ ಮತ್ತು ಅದರ ಕಾಂತೀಯ ಗುಣ. ಇವೆರಡೂ ಬೇರೆ ಪ್ರಯೋಗಗಳಿಂದ ಬಹಳ ನಿಖರವಾಗಿ ಗೊತ್ತಿವೆ.

ಈಗ ಒಂದು ಪುಟ್ಟ ಅಯಸ್ಕಾಂತದಿಂದ ಕಣಗಳಿಗೆ ಲಯಬದ್ಧವಾಗಿ ಮೆಲ್ಲಗೆ ತಟ್ಟುತ್ತಾರೆ. ತಟ್ಟುವ ಲಯ ಸ್ಪಿನ್ ತಿರುಗುವ ಲಯಕ್ಕೆ ಕೂಡಿಬಂದ ಕ್ಷಣ, ಹೊಂದಿಕೊಂಡಿದ್ದ ಸ್ಪಿನ್‌ಗಳೆಲ್ಲ ಚದುರಿಹೋಗುತ್ತವೆ. ಚದುರಿದ್ದನ್ನು ಲೇಸರ್ ಬೆಳಕು ಹಾಯಿಸಿ ಪತ್ತೆ ಹಚ್ಚಬಹುದು. ಯಾವ ಲಯದಲ್ಲಿ ಚದುರಿತು ಅಂತ ಗೊತ್ತಾದರೆ ಶಕ್ತಿ ಗೊತ್ತಾದಂತೆ. ಜಿಇವಿಯ ಸಾವಿರದ ಒಂದು ಪಾಲು ಎಂಇವಿ. 45,600 ಎಂಇವಿಯಲ್ಲಿ ಒಂದು ಎಂಇವಿಗಿಂತಲೂ ಕಡಿಮೆ ತಪ್ಪಿನೊಂದಿಗೆ!

ಒಂದೇ ಒಂದು ತೊಡಕಿತ್ತು. ಡಿಕ್ಕಿ ನಡೆಯುತ್ತಿರುವಾಗ ಇದು ಆಗುವುದಿಲ್ಲ. ಎದುರಿನ ಕಣಗಳ ತಳ್ಳಾಟದಲ್ಲಿ ಸ್ಪಿನ್ ಉಳಿಯುವುದಿಲ್ಲ. ಹಾಗಾಗಿ ಒಮ್ಮೆ ತುಂಬಿದ ಕಣಗಳನ್ನು ಗಂಟೆಗಟ್ಟಲೆ ಡಿಕ್ಕಿ ಹೊಡೆಸಿ, ಕೊನೆಯಲ್ಲಿ ಧಾರೆಗಳನ್ನು ಬೇರೆ ಮಾಡಿ, ಆಗ ಶಕ್ತಿ ಅಳೆಯುತ್ತಿದ್ದರು. ಅಂದರೆ ಅಳತೆ ನಡೆಯುತ್ತಿದ್ದದ್ದು ಬಹುಪಾಲು ಪಾಳಿಯ ಕೊನೆಯಲ್ಲಿ. ಇದೂ ನೆನಪಿರಲಿ.

ಚಂದ್ರ ಸಿಕ್ಕಿಬಿದ್ದ ಬಗೆ

1991ರಲ್ಲಿ ಈ ಸ್ಪಿನ್ ವಿಧಾನದಿಂದ ಅಳತೆ ಶುರುವಾಯಿತು. ಆಗಲೇ ತಲೆನೋವೂ ಶುರುವಾಯಿತು. ವಿಧಾನ ಎಷ್ಟು ನಿಖರವೋ ಉತ್ತರಗಳು ಅಷ್ಟು ಸ್ಥಿರವಾಗಿರಲಿಲ್ಲ. ಒಂದು ದಿನ ಒಂದು ಸಂಖ್ಯೆ, ಇನ್ನೊಂದು ದಿನ ಕೆಲವು ಎಂಇವಿ ಆಚೀಚೆ. ಯಂತ್ರದಲ್ಲಿ ಯಾರೂ ಏನೂ ಬದಲಾಯಿಸಿರಲಿಲ್ಲ.

ಭೂಮಿಯ ಉಬ್ಬರ ಇಳಿತವನ್ನು ನೋಡಿ ಎಂದು ಸೂಚಿಸಿದವರು ವೇಗವರ್ಧಕ ವಿಜ್ಞಾನಿಗಳಾದ ಜೆರ್ಹಾರ್ಡ್ ಫಿಷರ್ ಮತ್ತು ಆಲ್ಬರ್ಟ್ ಹಾಫ್‌ಮನ್. ಸಮುದ್ರದ ಉಬ್ಬರ ನಮಗೆ ಕಣ್ಣಿಗೆ ಕಾಣುತ್ತದೆ. ಆದರೆ ಚಂದ್ರ ಮತ್ತು ಸೂರ್ಯ ಗಟ್ಟಿ ನೆಲವನ್ನೂ ಎಳೆಯುತ್ತಾರೆ. ಜಿನೀವಾ ಸುತ್ತಲಿನ ನೆಲ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಸುಮಾರು 25 ಸೆಂಟಿಮೀಟರ್ ಏರಿ ಇಳಿಯುತ್ತದೆ. ದಿನಕ್ಕೆ ಎರಡು ಸಲ. ಎಲ್ಲವೂ ಒಟ್ಟಿಗೆ ಏರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ಆದರೆ ಏರುವಾಗ ನೆಲ ಒಂಚೂರು ಹಿಗ್ಗುತ್ತದೆ ಕೂಡ. 27 ಕಿಲೋಮೀಟರ್ ಉಂಗುರದಲ್ಲಿ ಆ ಹಿಗ್ಗು ಸುಮಾರು ಒಂದು ಮಿಲಿಮೀಟರ್.

27 ಕಿಲೋಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಹತ್ತು ಕೋಟಿಯಲ್ಲಿ ನಾಲ್ಕು ಪಾಲು. ಇದು ಯಾವ ಲೆಕ್ಕಕ್ಕೆ ಅನಿಸಬಹುದು. ಇಲ್ಲೇ ಯಂತ್ರದ ಒಳಗುಟ್ಟು ಇದೆ. ಕಣಗಳನ್ನು ಓಡಿಸುವ ರೇಡಿಯೋ ಅಲೆಯ ಆವರ್ತನ ಗಟ್ಟಿಯಾಗಿ ನಿಗದಿಯಾಗಿರುತ್ತದೆ. ಕಣಗಳ ವೇಗವೂ ಬೆಳಕಿನ ವೇಗಕ್ಕೆ ಅಂಟಿಕೊಂಡಿದೆ, ಜಾಸ್ತಿಯಾಗಲು ಜಾಗವಿಲ್ಲ. ವೇಗವೂ ಸಮಯವೂ ಬದಲಾಗದಿದ್ದರೆ ಒಂದು ಸುತ್ತಿನ ದೂರವೂ ಬದಲಾಗುವ ಹಾಗಿಲ್ಲ. ಉಂಗುರ ಹಿಗ್ಗಿತು, ಕಣಗಳ ದಾರಿ ಹಿಗ್ಗಲಿಲ್ಲ. ಪರಿಣಾಮವಾಗಿ ಕಣಗಳು ಅಯಸ್ಕಾಂತಗಳ ನಟ್ಟನಡುವೆ ಹೋಗುವ ಬದಲು ಕೂದಲೆಳೆಯಷ್ಟು ಒಳಬದಿಗೆ ಸರಿದು ಓಡುತ್ತವೆ. ಧಾರೆಯನ್ನು ಒಟ್ಟುಗೂಡಿಸಲು ಇಟ್ಟಿರುವ ಕ್ವಾಡ್ರುಪೋಲ್ ಅಯಸ್ಕಾಂತಗಳಲ್ಲಿ ನಡುವೆ ಕ್ಷೇತ್ರ ಸೊನ್ನೆ. ನಡುವಿನಿಂದ ಸರಿದರೆ ಅವೂ ಕಣವನ್ನು ಬಗ್ಗಿಸತೊಡಗುತ್ತವೆ. ಒಟ್ಟು ಬಗ್ಗುವಿಕೆ ಬದಲಾದ ಮೇಲೆ ಶಕ್ತಿಯೂ ಬದಲಾಗಲೇಬೇಕು.

ಲೆಪ್‌ನ ಜೋಡಣೆಯಲ್ಲಿ ಉದ್ದದ ಬದಲಾವಣೆ ಶಕ್ತಿಯಲ್ಲಿ 5,000 ಪಟ್ಟಿಗೂ ಮಿಗಿಲಾಗಿ ಹಿಗ್ಗಿ ಕಾಣುತ್ತಿತ್ತು. ಹತ್ತು ಕೋಟಿಯಲ್ಲಿ ನಾಲ್ಕು ಇದ್ದದ್ದು ಹತ್ತು ಸಾವಿರದಲ್ಲಿ ಎರಡಾಯಿತು. 45,600 ಎಂಇವಿಗೆ ಅದನ್ನು ಅನ್ವಯಿಸಿ ನೋಡಿ. ಸುಮಾರು 10 ಎಂಇವಿ ಬರುತ್ತದೆ. ವಿಜ್ಞಾನಿಗಳು ತಡಕಾಡುತ್ತಿದ್ದದ್ದು ಸರಿಸುಮಾರು ಇದೇ ಗಾತ್ರದ ಅಲುಗಾಟಕ್ಕೆ.

ಊಹೆಯನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. 1992ರ ನವೆಂಬರ್ 11ರಂದು, ಹುಣ್ಣಿಮೆಯ ಬೆನ್ನಲ್ಲೇ, ಇದಕ್ಕೆಂದೇ ಯಂತ್ರ ಓಡಿಸಿ ಗಂಟೆಗಟ್ಟಲೆ ಶಕ್ತಿ ಅಳೆಯುತ್ತಾ ಕೂತರು. ನೆಲ ಉಬ್ಬಿದಾಗ ಶಕ್ತಿ ಇಳಿಯಿತು. ನೆಲ ಇಳಿದಾಗ ಶಕ್ತಿ ಏರಿತು. ಭೂವಿಜ್ಞಾನಿಗಳ ಲೆಕ್ಕದ ಗೆರೆಯ ಮೇಲೆ ಲೆಪ್‌ನ ಬಿಂದುಗಳು ಬಂದು ಕೂತವು. ಆ ಚಿತ್ರ ನೋಡಿದಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಕಣದ ಸ್ಪಿನ್ ಅಳೆಯಲು ಹೋದವರಿಗೆ ಚಂದ್ರನ ನಡೆ ಸಿಕ್ಕಿತ್ತು.

ನೀರಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ತತ್ವ ಅದೇ. ಉಬ್ಬರ ಇಳಿತದ ಲೆಕ್ಕ ಕಳೆದ ಮೇಲೂ ವಾರ, ತಿಂಗಳುಗಳ ನಿಧಾನ ಬದಲಾವಣೆ ಉಳಿದಿತ್ತು. ಮಳೆ ಹೊಯ್ದು ನೆಲ ನೀರು ಕುಡಿದಾಗ, ಪಕ್ಕದ ಜಿನೀವಾ ಸರೋವರದ ಮಟ್ಟ ಬದಲಾದಾಗ, ಉಂಗುರ ಮಿಲಿಮೀಟರಿನ ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತಿತ್ತು. ಕೊಳವೆಯಲ್ಲಿ ಧಾರೆ ಎಲ್ಲಿದೆ ಅಂತ ತೋರಿಸುವ ಸಾಧನಗಳು ಸುತ್ತಲೂ ಇದ್ದವು. ಧಾರೆ ನಡುವಿನಿಂದ ಎಷ್ಟು ಸರಿದಿದೆ ಎಂದು ಅವುಗಳಲ್ಲಿ ಓದಿ ಲೆಕ್ಕ ಸರಿಪಡಿಸುತ್ತಾ ಹೋದರು.

ಎರಡು ಅಯಸ್ಕಾಂತಗಳು ಹೇಳಿದ್ದು

ಇಷ್ಟೆಲ್ಲ ಆದ ಮೇಲೂ ಒಂದು ಸಂಶಯ ಉಳಿದಿತ್ತು. ಮೇಲಿನ ಕಟ್ಟಡದ ಮಾದರಿ ಅಯಸ್ಕಾಂತ ನಿಜಕ್ಕೂ ಸುರಂಗದ ಕಥೆ ಹೇಳುತ್ತಿದೆಯಾ? ಅದಕ್ಕೇ 1995ರಲ್ಲಿ ಸುರಂಗದೊಳಗಿನ ಎರಡು ಅಯಸ್ಕಾಂತಗಳಿಗೆ ನೇರವಾಗಿ ಎನ್‌ಎಂಆರ್ ಸಾಧನ, ಅಂದರೆ ಕಾಂತಕ್ಷೇತ್ರವನ್ನು ಬಹಳ ನಿಖರವಾಗಿ ಅಳೆಯುವ ಸಾಧನ, ಇಟ್ಟರು. ಹಗಲು ನಡುಗಿ ರಾತ್ರಿ ಸುಮ್ಮನಾಗುವ ಗೆರೆ ಕಂಡಿದ್ದು ಆಗ.

ಇದು ಚಂದ್ರನ ಕೆಲಸವಲ್ಲ. ಚಂದ್ರ ದಿನಕ್ಕೆ ಎರಡು ಸಲ ಏರಿಸಿ ಇಳಿಸುತ್ತಾನೆ, ಅದೂ ದಿನದಿನಕ್ಕೆ ಹೊತ್ತು ಸರಿಯುತ್ತಾ. ಇಲ್ಲಿ ನಡುರಾತ್ರಿ ಅಂದರೆ ನಡುರಾತ್ರಿಯೇ. ಮನುಷ್ಯರ ವೇಳಾಪಟ್ಟಿ ಇದ್ದ ಹಾಗಿತ್ತು. ಹುಡುಕಿದಾಗ ಇನ್ನೊಂದು ಸುಳಿವು ಸಿಕ್ಕಿತು. ಕಣಗಳು ಓಡುವ ಲೋಹದ ಕೊಳವೆಯಲ್ಲೇ ಸುಮಾರು ಒಂದು ಆಂಪಿಯರ್‌ನಷ್ಟು ಕರೆಂಟ್ ಹರಿಯುತ್ತಿತ್ತು. ಅಲ್ಲಿಗೆ ಯಾರೂ ಕರೆಂಟ್ ಕೊಟ್ಟಿರಲಿಲ್ಲ.

ಉತ್ತರ ಬಂದಿದ್ದು ಕಣ ಭೌತವಿಜ್ಞಾನಿಗಳಿಂದಲ್ಲ, ವಿದ್ಯುತ್ ಕಂಪನಿಯವರಿಂದ. ಅವರಿಗೆ ಇದು ಹಳೆಯ ಪರಿಚಯ. ನೇರ ವಿದ್ಯುತ್ತಿನಲ್ಲಿ, ಅಂದರೆ ಡಿಸಿಯಲ್ಲಿ, ಓಡುವ ರೈಲುಗಳ ಕರೆಂಟ್ ಹಳಿಯ ಮೂಲಕ ಸಬ್‌ಸ್ಟೇಷನ್‌ಗೆ ಹಿಂದಿರುಗಬೇಕು. ಎಲ್ಲವೂ ಹಾಗೆ ಹಿಂದಿರುಗುವುದಿಲ್ಲ. ಒಂದು ಪಾಲು ಹಳಿ ಬಿಟ್ಟು ನೆಲಕ್ಕಿಳಿಯುತ್ತದೆ. ನೆಲದಲ್ಲಿ ಸುಲಭದ ದಾರಿ ಹುಡುಕುತ್ತಾ ಅಲೆಯುತ್ತದೆ. ನೆಲದಡಿಯ ಕೊಳವೆಗಳು ತುಕ್ಕು ಹಿಡಿಯಲು ಇದೂ ಒಂದು ಕಾರಣ ಅಂತ ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೇ ಗೊತ್ತಿತ್ತು. ಜಿನೀವಾದಿಂದ ಫ್ರಾನ್ಸ್ ಕಡೆಗೆ ಹೋಗುವ ಮಾರ್ಗ ಆಗ 1500 ವೋಲ್ಟ್ ಡಿಸಿಯಲ್ಲಿ ನಡೆಯುತ್ತಿತ್ತು. ಸ್ವಿಸ್ ರೈಲುಗಳದ್ದು ಪರ್ಯಾಯ ವಿದ್ಯುತ್, ಅಂದರೆ ಎಸಿ. ಅದರಿಂದ ಈ ತೊಂದರೆ ಇರಲಿಲ್ಲ. ನೆಲಕ್ಕಿಳಿದ ಡಿಸಿ ಕರೆಂಟಿಗೆ 27 ಕಿಲೋಮೀಟರ್ ಉದ್ದದ ಲೋಹದ ಕೊಳವೆಗಿಂತ ಒಳ್ಳೆ ದಾರಿ ಎಲ್ಲಿ ಸಿಗಬೇಕು?

ಪರೀಕ್ಷೆ ಸರಳವಾಗಿತ್ತು. 1995ರ ನವೆಂಬರ್‌ನಲ್ಲಿ ಮೂರು ಕಡೆ ಒಟ್ಟಿಗೆ ಅಳೆದರು. ರೈಲು ಹಳಿಯ ವೋಲ್ಟೇಜ್, ಲೆಪ್ ಕೊಳವೆಯ ವೋಲ್ಟೇಜ್, ಸುರಂಗದ ಅಯಸ್ಕಾಂತದ ಕ್ಷೇತ್ರ. ಸಂಜೆ ಜಿನೀವಾದಿಂದ ಅತಿವೇಗದ ಟಿಜಿವಿ ರೈಲು ಹೊರಟಿತು. ಹಳಿಯ ಗೆರೆ ಜಿಗಿಯಿತು. ಅದೇ ಕ್ಷಣಕ್ಕೆ ಕೊಳವೆಯ ಗೆರೆಯೂ, ಅಯಸ್ಕಾಂತದ ಗೆರೆಯೂ ಜಿಗಿದವು. ಮೂರು ಗೆರೆಗಳ ಏರಿಳಿತ ಒಂದರ ಮೇಲೊಂದು ಇಟ್ಟ ಹಾಗಿತ್ತು. ಈ ಘಟನೆಯಿಂದ ಟಿಜಿವಿಗೆ ಮಾತ್ರ ಹೆಸರು ಬಂತು. ನ್ಯಾಯವಾಗಿ ಹೇಳಬೇಕೆಂದರೆ ಆ ಮಾರ್ಗದ ಡಿಸಿ ರೈಲುಗಳೆಲ್ಲವೂ ಪಾಲುದಾರರೇ.

ಹಾಗಾದರೆ ಮೇಲಿನ ಮಾದರಿ ಅಯಸ್ಕಾಂತ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ? ಅದಕ್ಕೆ ಕರೆಂಟ್ ಅದೇ, ನಿಜ. ಆದರೆ ಅದರ ನಡುವೆ ಲೆಪ್‌ನ ಕೊಳವೆ ಹಾದುಹೋಗುತ್ತಿರಲಿಲ್ಲ. ಕಳ್ಳ ಕರೆಂಟ್ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ನಡುಕಕ್ಕಿಂತ ಕೆಟ್ಟದ್ದು

ಈ ಪ್ರಕರಣವನ್ನು ಹೇಳುವವರು ಬಹುತೇಕ ಇಲ್ಲಿಗೆ ನಿಲ್ಲಿಸುತ್ತಾರೆ. ರೈಲು ಸಿಕ್ಕಿತು, ಕಥೆ ಮುಗಿಯಿತು ಅಂತ. ನನ್ನ ಪ್ರಕಾರ ಅಸಲಿ ವಿಷಯ ಶುರುವಾಗುವುದೇ ಇಲ್ಲಿಂದ.

ನಡುಕ ಮಾತ್ರ ಆಗಿದ್ದರೆ ಚಿಂತೆ ಇರಲಿಲ್ಲ. ಒಂದು ಸಲ ಮೇಲೆ, ಒಂದು ಸಲ ಕೆಳಗೆ, ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಚಂದ್ರನೂ ಬಹುಮಟ್ಟಿಗೆ ಹಾಗೇ, ಕೊಟ್ಟಿದ್ದನ್ನು ಆರು ಗಂಟೆಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾನೆ. ರೈಲು ಹಾಗಲ್ಲ. ಅಯಸ್ಕಾಂತದ ಉಕ್ಕಿಗೆ ನೆನಪಿದೆ. ಹಿಂದೆ ಎಂಥ ಕ್ಷೇತ್ರ ಕಂಡಿತ್ತು ಅನ್ನುವುದರ ಮೇಲೆ ಈಗಿನ ಕ್ಷೇತ್ರ ನಿಲ್ಲುತ್ತದೆ. ಕಳ್ಳ ಕರೆಂಟಿನ ಒಂದೊಂದು ಕುಲುಕಾಟಕ್ಕೂ ಉಕ್ಕಿನೊಳಗಿನ ಕಾಂತ ಜೋಡಣೆ ಇನ್ನಷ್ಟು ಒಪ್ಪವಾಗಿ ಕೂರುತ್ತದೆ. ಮರಳು ತುಂಬಿದ ಚೀಲವನ್ನು ಕುಲುಕಿದರೆ ಮರಳು ಇಳಿದು ಗಟ್ಟಿಯಾಗುತ್ತದಲ್ಲ, ಹಾಗೆ. ಕುಲುಕಿದಷ್ಟೂ ಒಂದೇ ದಿಕ್ಕಿಗೆ. ಅದಕ್ಕೇ ಕ್ಷೇತ್ರ ನಡುಗುವುದರ ಜೊತೆಗೆ ಏರುತ್ತಲೂ ಇತ್ತು. ಲೆಪ್‌ನಂಥ ಯಂತ್ರಕ್ಕೆ ಇದು ಇನ್ನೂ ಸೂಕ್ಷ್ಮ. ಅದರ ಕ್ಷೇತ್ರವೇ ತೀರಾ ಕಡಿಮೆ, 0.05 ಟೆಸ್ಲಾ ಸುಮಾರು. ಅಯಸ್ಕಾಂತಗಳೂ ಇಡೀ ಉಕ್ಕಿನವಲ್ಲ. ಉಕ್ಕಿನ ತೆಳು ಹಾಳೆಗಳ ನಡುವೆ ಗಾರೆ ತುಂಬಿ ಮಾಡಿದವು.

ಈಗ ಮೊದಲು ನೆನಪಿಡಿ ಅಂದಿದ್ದ ಎರಡನೇ ಮಾತಿಗೆ ಬನ್ನಿ. ನಿಖರ ಅಳತೆ ನಡೆಯುತ್ತಿದ್ದದ್ದು ಪಾಳಿಯ ಕೊನೆಯಲ್ಲಿ. ಆ ಹೊತ್ತಿಗೆ ಕ್ಷೇತ್ರ ಏರಿ ಕೂತಿರುತ್ತಿತ್ತು. ಡಿಕ್ಕಿಗಳು ನಡೆದಿದ್ದು ಅದಕ್ಕೂ ಮೊದಲು, ಕ್ಷೇತ್ರ ಇನ್ನೂ ಕೆಳಗಿದ್ದಾಗ. ಕೊನೆಯಲ್ಲಿ ಅಳೆದ ಶಕ್ತಿಯನ್ನೇ ಇಡೀ ಪಾಳಿಗೆ ಹಚ್ಚಿದರೆ ಪ್ರತಿ ಸಲವೂ ತಪ್ಪು ಒಂದೇ ಕಡೆಗೆ, ಜಾಸ್ತಿಯ ಕಡೆಗೆ. ಪಾಳಿಯೊಂದರಲ್ಲಿ ಕೆಲವು ಎಂಇವಿ. ಎಷ್ಟು ಲಕ್ಷ ಝಡ್ ಸೇರಿಸಿದರೂ ಈ ತಪ್ಪು ಕರಗುವುದಿಲ್ಲ. ಎಣಿಕೆ ಜಾಸ್ತಿಯಾದಷ್ಟೂ ತಪ್ಪು ಉತ್ತರವನ್ನು ಇನ್ನಷ್ಟು ಧೈರ್ಯವಾಗಿ ಹೇಳಿಬಿಡಬಹುದಿತ್ತು. ಅಳತೆಗಳು ಚೆಲ್ಲಾಪಿಲ್ಲಿಯಾಗಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಎಲ್ಲವೂ ಒಟ್ಟಾಗಿ ಒಂದೇ ಕಡೆ ಸರಿದಿದ್ದರೆ ಅನುಮಾನ ಹುಟ್ಟಲು ಕಾರಣವೇ ಸಿಗುವುದಿಲ್ಲ. ಚಂದ್ರ 1991ರಲ್ಲೇ ಗುಮಾನಿ ಹುಟ್ಟಿಸಿದ್ದೂ, ರೈಲು 1995ರವರೆಗೆ ಬಚಾವಾಗಿದ್ದೂ ಈ ಕಾರಣಕ್ಕೇ.

ಆಮೇಲೆ ಆದದ್ದು ತಾಳ್ಮೆಯ ಕೆಲಸ. 1995ರ ದತ್ತಾಂಶದಿಂದ ಕ್ಷೇತ್ರ ದಿನದ ಯಾವ ಹೊತ್ತಿಗೆ ಎಷ್ಟು ಏರುತ್ತದೆ, ಸುರಂಗದ ತಾಪಮಾನಕ್ಕೆ ಹೇಗೆ ಬದಲಾಗುತ್ತದೆ ಎಂಬ ಮಾದರಿ ಕಟ್ಟಿದರು. ಅದನ್ನು ಹಿಡಿದು ಹಿಂದಿನ ವರ್ಷಗಳ ಲೆಕ್ಕವನ್ನೂ ತಿದ್ದಿದರು. 1996ರಲ್ಲಿ ಎನ್‌ಎಂಆರ್ ಸಾಧನಗಳ ಸಂಖ್ಯೆ ಎರಡರಿಂದ ಹದಿನಾರಕ್ಕೆ ಏರಿತು.

ಕೊನೆಗೆ ಬಂದ ಸಂಖ್ಯೆ: ಝಡ್‌ನ ದ್ರವ್ಯರಾಶಿ 91.1875 ಜಿಇವಿ, ತಪ್ಪಿನ ಅಂತರ 0.0021. ಅಂದರೆ 91 ಸಾವಿರ ಎಂಇವಿಯಲ್ಲಿ ಎರಡು ಎಂಇವಿ. ಆ ಎರಡರಲ್ಲೂ ದೊಡ್ಡ ಪಾಲು, 1.7 ಎಂಇವಿ, ಯಂತ್ರದ ಶಕ್ತಿಯ ಅಳತೆಯಿಂದಲೇ ಬಂದದ್ದು. ಎಣಿಕೆಯಿಂದಲ್ಲ.

ಇಷ್ಟು ಹಟ ಯಾತಕ್ಕೆ ಅಂದರೆ, ವಿದ್ಯುತ್ಕಾಂತ ಬಲವನ್ನೂ ದುರ್ಬಲ ಬಲವನ್ನೂ ಒಂದುಗೂಡಿಸುವ ಸಿದ್ಧಾಂತಕ್ಕೆ ಝಡ್‌ನ ದ್ರವ್ಯರಾಶಿ ಒಂದು ಅಡಿಗಲ್ಲು. ಇದನ್ನೂ ಲೆಪ್‌ನ ಉಳಿದ ಅಳತೆಗಳನ್ನೂ ಸೇರಿಸಿ, ಇನ್ನೂ ಯಾರೂ ಕಂಡಿರದ ಟಾಪ್ ಕ್ವಾರ್ಕ್ ಎಂಬ ಕಣ ಎಷ್ಟು ಭಾರ ಇರಬೇಕು ಅಂತ ಮೊದಲೇ ಅಂದಾಜಿಸಿದ್ದರು. 1995ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಟಾಪ್ ಸಿಕ್ಕಾಗ ಅದು ಅಂದಾಜಿಗೆ ಹೊಂದಿಕೊಂಡಿತು. ಹಿಗ್ಸ್ ಬೋಸಾನ್ ಎಂಬ ಇನ್ನೊಂದು ಕಣ ತೀರಾ ಭಾರದ್ದಾಗಿರಲಾರದು ಅನ್ನುವ ಸುಳಿವೂ ಇಂಥ ಲೆಕ್ಕಗಳಿಂದಲೇ ಬಂತು. 2012ರಲ್ಲಿ ಅದು 125 ಜಿಇವಿ ಹತ್ತಿರ ಸಿಕ್ಕಿತು.

ಜಿನೀವಾದ ಆ ಡಿಸಿ ರೈಲು ಮಾರ್ಗ 2014ರಲ್ಲಿ ಎಸಿಗೆ ಬದಲಾಯಿತು. ಚಂದ್ರನಿಗೆ ಅಂಥ ಪರಿಹಾರವಿಲ್ಲ. ಎಲ್‌ಎಚ್‌ಸಿ ನಡೆಸುವವರು ಈಗಲೂ ಉಬ್ಬರ ಇಳಿತಕ್ಕೆ ತಕ್ಕಂತೆ ಧಾರೆಯನ್ನು ತಿದ್ದುತ್ತಿರುತ್ತಾರೆ. ಸರ್ನ್ ಯೋಚಿಸುತ್ತಿರುವ ಮುಂದಿನ ಯಂತ್ರ ಎಫ್‌ಸಿಸಿಯ ಸುತ್ತಳತೆ ಸುಮಾರು 91 ಕಿಲೋಮೀಟರ್. ಅಲ್ಲಿ ಉಬ್ಬರ ಇಳಿತದಿಂದ ಶಕ್ತಿ ಅಲುಗುವುದು ಲೆಪ್‌ಗಿಂತ ಹಲವು ಪಟ್ಟು ಜಾಸ್ತಿ. ಗುರಿ ಮಾತ್ರ ಝಡ್‌ನ ದ್ರವ್ಯರಾಶಿಯನ್ನು 0.1 ಎಂಇವಿಯೊಳಗೆ ತರುವುದು. ಅದಕ್ಕಾಗಿ ಡಿಕ್ಕಿಗೆ ಹೋಗದ ಕೆಲವು ಕಣಗುಚ್ಛಗಳನ್ನು ಬೇರೆಯಾಗಿಯೇ ಓಡಿಸುವ ಯೋಜನೆ ಇದೆ. ಅವುಗಳ ಸ್ಪಿನ್ ನೋಡಿ, ಎಲೆಕ್ಟ್ರಾನ್ ಕಡೆಯೂ ಪಾಸಿಟ್ರಾನ್ ಕಡೆಯೂ, ಪಾಳಿ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ಶಕ್ತಿ ಅಳೆಯುತ್ತಾರೆ. ಪಾಳಿ ಮುಗಿಯುವವರೆಗೆ ಕಾಯುವುದಿಲ್ಲ.